ಮನೆಯೇ ಪಾಠಶಾಲೆಯಾದಾಗ ಕ್ಷಮಾವಣಿ

ಭಾದ್ರಪದ ಶುದ್ಧ ಪಂಚಮಿಯಿಂದ ಅನಂತ ಚತುರ್ದಶಿಯವರೆಗಿನ ದಶಲಕ್ಷಣ ಪರ್ವವು ದಿಗಂಬರ ಜೈನರಿಗೆ ಆತ್ಮಶೋಧನೆಯ ಕಾಲ. ಉತ್ತಮ ಕ್ಷಮೆಯಿಂದ ಉತ್ತಮ ಬ್ರಹ್ಮಚರ್ಯದವರೆಗೆ ದಿನಕ್ಕೊಂದು ಧರ್ಮದ ಚಿಂತನೆ, ತತ್ತ್ವಾರ್ಥಸೂತ್ರದ 10 ಅಧ್ಯಾಯಗಳಲ್ಲಿ ದಿನಕ್ಕೊಂದರ ಪಠಣ. ಹುಣ್ಣಿಮೆ ಕಳೆದ ಮರುದಿನ, ಬಹುಳ ಪಾಡ್ಯದಂದು, ಕ್ಷಮಾವಣಿ.

ಜಯನಗರ, ಬನಶಂಕರಿ, ಜೆ.ಪಿ. ನಗರದಂಥ ಬಡಾವಣೆಗಳಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಓದಿಸುವ ಶ್ರಾವಕ ಕುಟುಂಬಕ್ಕೆ ಈ ಪರ್ವ ದೊರೆತ ವರವೇ ಸರಿ. ಶಾಲೆಯ ಗಂಟೆಯ ಅವಸರವಿಲ್ಲದೆ ಬಸದಿಯ ಅಭಿಷೇಕವನ್ನು ಕೊನೆಯವರೆಗೆ ನೋಡಬಹುದು. ಸೂರ್ಯಾಸ್ತಕ್ಕೆ ಮುನ್ನ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಬಹುದು. ಇರುವೆಗೆ ಮೂರು ಇಂದ್ರಿಯ, ದುಂಬಿಗೆ ನಾಲ್ಕು ಎಂಬ ಪಾಠವನ್ನು ಬಾಲ್ಕನಿಯ ಹೂಕುಂಡದ ಬಳಿಯೇ ಕಲಿಸಬಹುದು. ಎಳೆಯರಿಗೆ ಉಪವಾಸದ ಒತ್ತಾಯ ಬೇಡ. ಪ್ರಿಯವಾದ ತಿನಿಸೊಂದನ್ನು ತಾವಾಗಿಯೇ ಬಿಟ್ಟರೆ ಅದೇ ಅವರ ತ್ಯಾಗ.

ಆದರೆ ಇಂಥ ಮನೆಯಲ್ಲಿ ಒಂದು ಅಪಾಯವೂ ಉಂಟು. ಶಾಲೆಗೆ ಹೋಗುವ ಮಗು ಗುರುಗಳು ಗದರಿದರೆ ತಾಯಿಯ ಮಡಿಲಿಗೆ ಓಡಿಬರುತ್ತದೆ. ತಾಯಿಯೇ ಗುರುವಾದರೆ ಆ ಮಗು ಓಡುವುದೆಲ್ಲಿಗೆ? ಲೆಕ್ಕ ತಪ್ಪಿದಾಗ ಸಿಡುಕುವುದು, ಅಕ್ಕನೊಡನೆ ತಮ್ಮನನ್ನು ಹೋಲಿಸಿ ಹೀಯಾಳಿಸುವುದು ಕೂಡ ವಚನದಿಂದಾಗುವ ಹಿಂಸೆಯೇ. ಬೆಳಗ್ಗೆ ಉತ್ತಮ ಕ್ಷಮೆಯನ್ನು ಬೋಧಿಸಿ ಮಧ್ಯಾಹ್ನ ಕ್ರೋಧಕ್ಕೆ ವಶವಾದರೆ ಮಗು ಕಲಿಯುವುದು ಮಧ್ಯಾಹ್ನದ ಪಾಠವನ್ನೇ.

ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಆನಂದ ಶ್ರಾವಕನ ವೃತ್ತಾಂತವಿದೆ. ತನಗೆ ವಿಶಾಲವಾದ ಅವಧಿಜ್ಞಾನ ಪ್ರಾಪ್ತವಾಗಿದೆಯೆಂದು ಆತ ನುಡಿದಾಗ, ಗೃಹಸ್ಥನಿಗೆ ಅಷ್ಟು ಜ್ಞಾನ ಅಸಾಧ್ಯವೆಂದ ಗೌತಮ ಗಣಧರರು ಪ್ರಾಯಶ್ಚಿತ್ತ ಮಾಡಿಕೊಳ್ಳಲು ಹೇಳಿದರು. ಸತ್ಯ ನುಡಿದವನಿಗೆ ಪ್ರಾಯಶ್ಚಿತ್ತವುಂಟೇ ಎಂದು ಆನಂದ ಕೇಳಿದ. ಸಂಶಯಗೊಂಡ ಗೌತಮರು ಭಗವಾನ್ ಮಹಾವೀರರಲ್ಲಿಗೆ ಬಂದರು. ಆನಂದನ ಮಾತೇ ನಿಜ, ಅವನಲ್ಲಿ ಕ್ಷಮೆ ಬೇಡು ಎಂಬುದು ಭಗವಂತನ ಆಜ್ಞೆ. ಪ್ರಧಾನ ಗಣಧರರು ಗೃಹಸ್ಥನ ಬಳಿಗೆ ಮರಳಿ ಕ್ಷಮೆ ಕೇಳಿದರು.

ಮಕ್ಕಳಲ್ಲಿ ಕ್ಷಮೆ ಕೇಳಿದರೆ ಹಿರಿಯರ ಗೌರವ ಕುಂದುತ್ತದೆಂಬ ಶಂಕೆ ಅನೇಕರಿಗಿದೆ. ಗೌತಮರ ಗೌರವ ಕುಂದಲಿಲ್ಲ. ಅವರ ಮಾರ್ದವ, ಆರ್ಜವಗಳಿಗೆ ಆ ಪ್ರಸಂಗವೇ ಸಾಕ್ಷಿಯಾಯಿತು. ಬಂಧುಗಳಿಗೆಲ್ಲ ಮೊಬೈಲಿನಲ್ಲಿ ಒಂದೇ ಸಂದೇಶ ಕಳುಹಿಸುವುದು ಸುಲಭ. ಎದುರಿಗೆ ಕುಳಿತ ಮಗುವಿಗೆ, ಇಂಥ ದಿನ ಇಂಥ ಮಾತಾಡಿದ್ದು ತಪ್ಪು ಎಂದು ಹೆಸರಿಸಿ ಹೇಳುವುದು ಕಠಿಣ. ಆ ಕಠಿಣವಾದುದೇ ನಿಜವಾದ ತಪ. ಕ್ಷಮಿಸೆಂದು ಮಗುವನ್ನು ಬಲವಂತಪಡಿಸುವುದೂ ಸಲ್ಲದು. ಕೇಳುವುದಷ್ಟೇ ಹಿರಿಯರ ಧರ್ಮ.

ಈ ಕ್ಷಮಾವಣಿಯಂದು ಮನೆಯ ಗುರುಗಳೇ ಮೊದಲು ಕೈಮುಗಿಯಲಿ. ಹತ್ತು ದಿನಗಳ ಪಾಠ ಪೂರ್ಣವಾಗುವುದು ಅಲ್ಲಿ.