ಕೀಲುವಾತದ ಚೀಟಿಗೆ ತೂಕದ ಮುದ್ರೆ ಎಲ್ಲಿದೆ?

ನೀಲಗುಂದದಿಂದ ಹರಪನಹಳ್ಳಿಗೆ ಹೊರಟ ಬಸ್ಸಿನಲ್ಲಿ ಕಂಬಿ ಹಿಡಿಯಲಾರದೆ ಬೆರಳು ಮಡಚಿಕೊಂಡು ನಿಂತ ಹೆಣ್ಣುಮಗಳಿಗೆ ಪುಕ್ಕಟೆ ಸಲಹೆಗಳಿಗೇನೂ ಬರವಿಲ್ಲ. ‘ಒಂದು ಸೂಜಿ ಹಾಕಿಸವ್ವಾ, ಸಂಜೀಗೆ ಓಡಾಡ್ತಿ’ ಅಂತ ಒಬ್ಬರು. ‘ಇಂಗ್ಲಿಷ್ ಔಷಧ ಬ್ಯಾಡ, ಕಷಾಯ ಕುಡಿ’ ಅಂತ ಇನ್ನೊಬ್ಬರು. ದೊಡ್ಡಾಸ್ಪತ್ರೆಯ ಡಾಕ್ಟರು ಬರೆದ ಚೀಟಿಯೇ ಬೇರೆ. ಮೂವರಲ್ಲಿ ಯಾರ ಮಾತು ಗಟ್ಟಿ?

ಇದು ವಯಸ್ಸಾಗಿ ಮಂಡಿ ಸವೆಯುವ ನೋವಿನ ಮಾತಲ್ಲ. ಮೈಯ ರಕ್ಷಣಾ ಶಕ್ತಿಯೇ ತಿರುಗಿಬಿದ್ದು ಕೀಲುಗಳನ್ನು ತಿನ್ನುವ ರುಮಟಾಯ್ಡ್ ಸಂಧಿವಾತದ ಮಾತು. ಬೆಳಿಗ್ಗೆ ಕೈ ಬಿಗಿ ಹಿಡಿಯುತ್ತದೆ, ಬೆರಳ ಗಿಣ್ಣು ಬಾಯುತ್ತದೆ. ಚಿಕಿತ್ಸೆ ತಡವಾದರೆ ಸೊಟ್ಟಗಾದ ಬೆರಳು ಮತ್ತೆ ನೆಟ್ಟಗಾಗುವುದು ಕಷ್ಟ.

ಅಂಗಡಿಯವರ ತೂಕದ ಕಲ್ಲಿಗೆ ಸರ್ಕಾರಿ ಮುದ್ರೆ ಬೇಕು. ಹಾಗೆಯೇ ಡಾಕ್ಟರುಗಳ ಸಲಹೆಗೂ ಒಂದು ಮುದ್ರೆ ಉಂಟು. ಅಮೆರಿಕದ ಕೀಲುರೋಗ ತಜ್ಞರ ಸಂಸ್ಥೆಯ 2021ರ ಮಾರ್ಗಸೂಚಿಯಲ್ಲಿ 44 ಸಲಹೆಗಳಿವೆ. ಅವರೇ ‘ಗಟ್ಟಿ’ ಎಂದದ್ದು ಬರೀ 7! ಉಳಿದ 37 ಷರತ್ತಿನವು. ಹಾಗಂತ ಅವು ಸುಳ್ಳಲ್ಲ. ರೋಗಿಯ ಸ್ಥಿತಿ, ಇಷ್ಟ ಎರಡೂ ನೋಡಿ, ಕೂತು ಮಾತಾಡಿ ತೀರ್ಮಾನಿಸಿರಿ ಎಂದರ್ಥ.

ರೋಗ ಜೋರಾಗಿದ್ದರೆ ಮೆಥೊಟ್ರೆಕ್ಸೇಟ್ ಮಾತ್ರೆಯಿಂದ ಶುರು ಮಾಡಿರಿ ಎಂಬುದು ಗಟ್ಟಿ ಸಲಹೆ. ಆದರೆ ಹಳೆಯ ಎರಡು ಮಾತ್ರೆಗಳ ಎದುರು ಅದನ್ನು ತೂಗಿದ ಪುರಾವೆ ತೆಳುವು ಎಂದು ಅದೇ ಮಾರ್ಗಸೂಚಿ ಒಪ್ಪಿಕೊಂಡಿದೆ. ಮುದ್ರೆ ಬಿದ್ದದ್ದು ಆ ಮಾತ್ರೆಯ ಅನೇಕ ವರ್ಷಗಳ ಒಟ್ಟು ಲೆಕ್ಕ ನೋಡಿ. ಇದು ನೇರವಂತಿಕೆ. ಆದರೆ ಇದನ್ನು ರೋಗಿಗೆ ಹೇಳುವವರಾರು?

ಇನ್ನು ಸೂಜಿಯ ಮಾತು. 1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಕಾರ್ಟಿಸೋನ್ ಕೊಟ್ಟಾಗ ಹಾಸಿಗೆ ಹಿಡಿದವರು ಎದ್ದು ನಡೆದರು. 1950ರಲ್ಲಿ ನೊಬೆಲ್ ಕೂಡ ಬಂತು. ಆಮೇಲೆ ಗೊತ್ತಾದದ್ದು: ಬಹುಕಾಲ ತಗೊಂಡರೆ ಮೂಳೆ ಸೊರಗುತ್ತದೆ, ಸಕ್ಕರೆ ಏರುತ್ತದೆ. ಚಿಕಿತ್ಸೆ ಶುರುಮಾಡುವಾಗ ಸ್ಟಿರಾಯ್ಡನ್ನು ಮೂರು ತಿಂಗಳವರೆಗೆ ಎಳೆಯಬೇಡಿ ಎಂಬುದೂ ಆ ಏಳು ಗಟ್ಟಿ ಸಲಹೆಗಳಲ್ಲೊಂದು. ಸಂಜೆಗೇ ಓಡಾಡಿಸುವ ಸೂಜಿಯಲ್ಲಿ ಏನಿದೆ ಎಂದು ಕೇಳುವುದು ತಪ್ಪೇನ್ರೀ?

ಕಷಾಯದವರಿಗೂ ಇದೇ ತಕ್ಕಡಿ. ಕೊಯಮತ್ತೂರಿನಲ್ಲಿ ಆಯುರ್ವೇದವನ್ನೂ ಮೆಥೊಟ್ರೆಕ್ಸೇಟನ್ನೂ ಪಕ್ಕಪಕ್ಕ ಇಟ್ಟು ನೋಡಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಗುಣ ಹೆಚ್ಚುಕಮ್ಮಿ ಸಮ ಕಂಡಿತು. ಆದರೆ ಅದರಲ್ಲಿದ್ದವರು 43 ಮಂದಿ ಮಾತ್ರ. ಮುಂದೆ ದೊಡ್ಡ ಪರೀಕ್ಷೆ ಮಾಡಲು ಅದು ಸಾಕು, ಮಾತ್ರೆ ಬಿಸಾಕಲು ಸಾಲದು.

ಆದ್ದರಿಂದ ಡಾಕ್ಟರು ಚೀಟಿ ಬರೆಯುವಾಗ ‘ಇದು ಗಟ್ಟಿ, ಇದು ನೋಡೋಣ’ ಎಂದು ಎರಡು ಮಾತು ಹೇಳಲಿ. ಯಕೃತ್ತು, ರಕ್ತದ ತಪಾಸಣೆ ಯಾಕೆಂದು ತಿಳಿಸಲಿ. ಬಸುರಿಯರಿಗೆ, ಬಸುರಾಗಬಯಸುವವರಿಗೆ ಈ ಮಾತ್ರೆ ಸಲ್ಲದೆಂದು ಮೊದಲೇ ಹೇಳಲಿ. ಮೆಥೊಟ್ರೆಕ್ಸೇಟ್ ನುಂಗುವುದು ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಸಂಚಕಾರ. ಮೆಡಿಕಲ್ ಷಾಪಿನವರು ಪೊಟ್ಟಣದ ಮೇಲೆ ವಾರದ ಹೆಸರನ್ನು ಕನ್ನಡದಲ್ಲಿ ಬರೆದುಕೊಟ್ಟರೆ ಅವರ ಗಂಟೇನು ಹೋಗುತ್ತದೆ?

ಅರ್ಧ ಕಿಲೋ ಬೇಳೆಗೆ ತಕ್ಕಡಿಯ ಮುಳ್ಳು ನೋಡುವ ಜನ, ವರ್ಷಗಟ್ಟಲೆ ನುಂಗುವ ಮಾತ್ರೆಗೂ ಮುಳ್ಳು ನೋಡಬೇಡವೇ? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?