ಕಳಿಸಿದ್ದೆಲ್ಲ ತಿಳಿದದ್ದೇ?

ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನವಿದೆ ಎಂದು ಗಂಗಾವತಿ, ಕುಷ್ಟಗಿ, ಕೊನೆಗೆ ಕೊಪ್ಪಳದ ಶಾಲೆಯಲ್ಲಿ 19 ವರ್ಷ ಪಾಠ ಹೇಳಿದ್ದೇನೆ. ಆ ಬಂಡೆಯ ಮುಂದೆ ಹೋಗಿ ನಿಂತದ್ದು ಮಾತ್ರ ಹೋದ ವರ್ಷ. ಮಠದ ಜಾತ್ರೆ ತಪ್ಪಿಸಿದವಳಲ್ಲ ನಾನು. ದಾಸೋಹದ ಊಟ, ಬಳೆ ಕೊಳ್ಳುವುದು ಎಲ್ಲ ಆಗುತ್ತಿತ್ತು. ಬಂಡೆಯ ನೆನಪು ಬರುತ್ತಿರಲಿಲ್ಲ.

ನೆನಪು ಮಾಡಿಸಿದವಳು ಎಂಟನೆಯ ತರಗತಿಯ ಒಬ್ಬ ಹುಡುಗಿ. ಅಶೋಕನ ಮೇಲೆ 14 ಹಾಳೆಯ ಪ್ರಾಜೆಕ್ಟ್ ತಂದಿದ್ದಳು. ಬಣ್ಣದ ಅಚ್ಚು, ಮೇಲೆ ಪ್ಲಾಸ್ಟಿಕ್ ಹೊದಿಕೆ.

“ಇದರಾಗ ನಮ್ಮೂರಿನ ಶಾಸನ ಎಲ್ಲೈತವ್ವ?”

“ಅಂಗಡಿ ಅಣ್ಣ ಇಷ್ಟ ತೆಗೆದು ಕೊಟ್ಟಾನ್ರಿ ಟೀಚರ್. ನೀವು ಅದನ್ನ ನೋಡೀರೇನ್ರಿ?”

ಉತ್ತರ ಹೇಳಲಾಗಲಿಲ್ಲ. ಇಪ್ಪತ್ತಕ್ಕೆ ಹದಿನೆಂಟು ಅಂಕ ಹಾಕಿ ಕಳಿಸಿದೆ.

ಈ ಹಾಳೆಗಳನ್ನು ಕಲಿಕೆ ಎಂದು ಒಪ್ಪಿಕೊಳ್ಳುತ್ತಿರುವ ನಮ್ಮ ಬಗ್ಗೆಯೇ ನನ್ನ ಜಗಳ. ಮಗು ಓದಿಲ್ಲ, ಅಚ್ಚು ಹಾಕಿದವನು ಓದಿಲ್ಲ, ಅಂಕ ಹಾಕಿದ ನಾನೂ ಪೂರ್ತಿ ಓದಿಲ್ಲ! “ಹಳ್ಳಿ ಹುಡುಗಿಯರಿಗೆ ಮೊಬೈಲಿನಲ್ಲಿ ಜಗತ್ತೇ ಸಿಗುತ್ತಿರುವಾಗ ನಿಮಗೇನು ಹೊಟ್ಟೆಯುರಿ?” ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಹೊಟ್ಟೆಯುರಿ ಇಲ್ಲ. ನಾನು ಓದಿದ ಶಾಲೆಯಲ್ಲಿ ಪುಸ್ತಕದ ಕಪಾಟಿಗೆ ಬೀಗ, ಕೀಲಿ ಹೆಡ್‌ಮಾಸ್ತರರ ಜೇಬಿನಲ್ಲಿ. ಆ ಕಾಲ ಮತ್ತೆ ಬರುವುದು ಬೇಡ. ಆದರೆ ಕಪಾಟಿನ ಬಾಗಿಲು ತೆರೆದ ಮಾತ್ರಕ್ಕೆ ಪುಸ್ತಕ ತಲೆಗೆ ಇಳಿಯಿತೇ?

ಯಲಬುರ್ಗಾ ಕಡೆಯ ನನ್ನ ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಎರೆಹೊಲದಲ್ಲಿ ಕುಳಿತು ಗೇಣುದ್ದ ಕೆದರಿ, ಒಂದು ಹಿಡಿ ಮಣ್ಣು ಹಿಸುಕಿ ನೋಡುತ್ತಿದ್ದಳು. ಉಂಡೆ ನಿಂತರೆ ಹಸಿ ಇದೆ, ಹಿಂಗಾರಿ ಜೋಳ ಬಿತ್ತಬಹುದು. “ಇದನ್ನ ನಮ್ಮತ್ತಿ ಕಲಿಸಿದ್ಲು. ಒಂದ್ ವರ್ಷ ಅವಸರ ಮಾಡಿ ನಾ ತಪ್ಪಿದೆ, ಬೀಜ ಹೋತು” ಎಂದು ಅದನ್ನೂ ಹೇಳುತ್ತಿದ್ದಳು. ಯಾರಿಂದ ಕಲಿತೆ, ಎಲ್ಲಿ ತಪ್ಪಿದೆ – ಇವೆರಡೂ ಅವಳ ತಿಳಿವಳಿಕೆಯ ಜೊತೆಗೇ ಬರುತ್ತಿದ್ದವು. ನನ್ನ ಮೊಬೈಲಿಗೆ ಬೆಳಗಾಗುವಷ್ಟರಲ್ಲಿ ಬಂದು ಬೀಳುವ ನೂರು ಸಂದೇಶಗಳಲ್ಲಿ ಇವೆರಡನ್ನು ಹುಡುಕಿ ನೋಡಿ, ಸಿಗುವುದಿಲ್ಲ.

ಇಷ್ಟು ಬುದ್ಧಿ ಹೇಳುವ ನಾನು ಮಾಡಿದ್ದನ್ನು ಕೇಳಿ. ಯಾವುದೋ ಕಷಾಯ ಕುಡಿದರೆ ಸಕ್ಕರೆ ಕಾಯಿಲೆ ನಿಲ್ಲುತ್ತದೆ, ಗುಳಿಗೆ ಬೇಕಿಲ್ಲ ಎಂಬ ಸಂದೇಶ ಬಂತು. ಕುಕ್ಕರ್ ಸೀಟಿ ಎಣಿಸುತ್ತಲೇ ನಮ್ಮ ಓಣಿಯ ಹೆಂಗಸರ ವಾಟ್ಸ್ಆ್ಯಪ್ ಗುಂಪಿಗೆ ಅದನ್ನು ದಾಟಿಸಿದೆ. ಮೂರು ವಾರಕ್ಕೆ ಪಕ್ಕದ ಮನೆಯ ಚಿಗವ್ವ ಆಸ್ಪತ್ರೆ ಸೇರಿದಳು. ಗುಳಿಗೆ ಬಿಟ್ಟಿದ್ದಳು, ಸಕ್ಕರೆ ನಾನೂರು ದಾಟಿತ್ತು. ನೋಡಲು ಹೋದಾಗ ಅವಳು ನನ್ನನ್ನು ಬೈಯಲಿಲ್ಲ. “ಬ್ಯಾರೆದವ್ರು ಕಳಿಸಿದ್ರ ನಂಬತಿದ್ದಿಲ್ಲವ್ವ, ಟೀಚರ್ ಕಳಿಸ್ಯಾರಂತ ಕುಡದೆ” ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಬರೆಯುವುದಕ್ಕೂ ಕೈ ಅಂಜುತ್ತದೆ, ಇದನ್ನೂ ಸೇರಿಸಿ. ಅಕ್ಷರ ಬಲ್ಲವಳ ಹೆಸರಿಗೆ ತೂಕವಿದೆ. ಆ ತೂಕವನ್ನು ತಾನು ಪರೀಕ್ಷಿಸದ ಮಾತಿಗೆ ಕಟ್ಟಿ ಕಳಿಸುವುದು ಅಪರಾಧ ಎಂದೇ ನಾನು ಹೇಳುವುದು. “ಒಳ್ಳೆಯದಾಗಲಿ ಎಂದು ಕಳಿಸಿದೆ” ಎನ್ನುತ್ತೀರಾ? ನಾನೂ ಹಾಗೆಂದೇ ಕಳಿಸಿದ್ದು.

ಚಿಗವ್ವ ಮನೆಗೆ ಬಂದ ಮೇಲೆ ಒಂದು ಭಾನುವಾರ ಆ ಬಂಡೆಗೆ ಹೋದೆ. ಅದು 1931ರಲ್ಲಿ ಬೆಳಕಿಗೆ ಬಂದ ಶಾಸನ. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ, 2200 ವರ್ಷಕ್ಕೂ ಹಳೆಯದು. ಇಷ್ಟನ್ನು ಪಾಠದಲ್ಲಿ ಹೇಳುತ್ತಲೇ ಬಂದಿದ್ದೆ. ಅದರ ತಾತ್ಪರ್ಯವನ್ನು ಓದಿಕೊಂಡು ಹೋದದ್ದು ಅಂದೇ ಮೊದಲು. ತಾನು ಉಪಾಸಕನಾಗಿ ಎರಡೂವರೆ ವರ್ಷವಾಯಿತು, ಆದರೆ ಮೊದಲಿಗೆ ಮನಸ್ಸಿಟ್ಟು ಶ್ರಮಿಸಲಿಲ್ಲ ಎಂದು ಚಕ್ರವರ್ತಿ ಕಲ್ಲಿನಲ್ಲಿ ಕೆತ್ತಿಸಿದ್ದಾನೆ! ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟು ಸ್ವರ್ಗ ಪಡೆಯಬಹುದು ಎಂದೂ ಇದೆ. ಆ 14 ಹಾಳೆಯಲ್ಲಿ ಕಳಿಂಗ ಯುದ್ಧವಿತ್ತು, ಸಿಂಹಸ್ತಂಭವಿತ್ತು, ಈ ಮಾತಿರಲಿಲ್ಲ. ಬಹುಶಃ ಎಲ್ಲೋ ಇದ್ದೀತು. ಹುಡುಕಬೇಕೆಂದು ಗೊತ್ತಿದ್ದವರಿಗೆ ಸಿಗುತ್ತದೆ.

ಈಗ ನನ್ನ ತರಗತಿಯಲ್ಲಿ ಅಂಗಡಿಯಲ್ಲಿ ಅಚ್ಚು ಹಾಕಿಸಿದ ಪ್ರಾಜೆಕ್ಟ್ ತೆಗೆದುಕೊಳ್ಳುವುದಿಲ್ಲ. ಎರಡೇ ಪುಟ, ಕೈಬರಹ. ಏನು ನೋಡಿದೆ, ಯಾರನ್ನು ಕೇಳಿದೆ, ಏನು ತಿಳಿಯಲಿಲ್ಲ ಎಂದು ಬರೆಯಬೇಕು. ತಾಯಂದಿರಿಂದ ದೂರು ಬಂದಿದೆ: ಪಕ್ಕದ ಶಾಲೆಯವರದ್ದು ಎಷ್ಟು ಚಂದ, ನಮ್ಮ ಮಕ್ಕಳದ್ದು ನೋಡಿ! ಬರಲಿ.

ಹುಡುಗಿಯರನ್ನು ಬಂಡೆಗೆ ಕರೆದುಕೊಂಡು ಹೋದೆ. ಬಿಸಿಲು, ನೂಕಾಟ, ಗಲಾಟೆ. 14 ಹಾಳೆ ತಂದಿದ್ದವಳೇ ಮುಂದೆ ಬಗ್ಗಿ ಕೂಗಿದಳು: “ಟೀಚರ್, ಇಲ್ಲಿ ಕೂಡಿಸೋ ಚಿಹ್ನಿ ಐತ್ರಿ!”

“ಅದು ಚಿಹ್ನಿ ಅಲ್ಲ, ಕ.”

“ನಮ್ಮ ಕ ಏನ್ರಿ?” ಎಂದಳು. ಆಮೇಲೆ ಅರ್ಧ ತಾಸು ಯಾರೂ ನನ್ನ ಮಾತು ಕೇಳಲಿಲ್ಲ. ಎಲ್ಲರೂ ‘ಕ’ ಹುಡುಕುತ್ತಿದ್ದರು.