ಒಂದನೇ ಕ್ಲಾಸಿನ ನಿಯಮಾನ ಸಿಇಟಿ ಹೊತ್ತಲ್ಲಿ ಹೇಳಿದ್ರೆ ಏನು ಬಂತು?

ರೈತ ಬಂಧುಗಳೇ, ಇವತ್ತು ಸೊಪ್ಪು, ಹುಳದ ವಿಷಯ ಅಲ್ಲ. ಮಕ್ಕಳ ಎಂಜಿನಿಯರಿಂಗ್ ಸೀಟಿನ ವಿಷಯ.

ಸಿಇಟಿ ಸರ್ಕಾರಿ ಸೀಟುಗಳಲ್ಲಿ 15 ಪರ್ಸೆಂಟ್ ಗ್ರಾಮೀಣ ಮಕ್ಕಳಿಗೆ, 5 ಪರ್ಸೆಂಟ್ ಕನ್ನಡ ಮಾಧ್ಯಮದವರಿಗೆ ಮೀಸಲು. ಹಳ್ಳೀಲಿ ಮನೆ ಇದೆ, ಹೆಸರಲ್ಲಿ ಪಹಣಿ ಇದೆ ಅಂದ್ರೆ ಸಾಲದು. ಒಂದರಿಂದ ಹತ್ತನೇ ಕ್ಲಾಸ್ ತನಕ ಪೂರ್ತಿ 10 ವರ್ಷ ಗ್ರಾಮೀಣ ಪ್ರದೇಶದ ಶಾಲೇಲೇ ಓದಿರಬೇಕು. ಕನ್ನಡ ಮಾಧ್ಯಮದ ಕೋಟಾಕ್ಕೂ ಅದೇ 10 ವರ್ಷದ ಲೆಕ್ಕ.

ನಮ್ಮ ಕೆಂಗಲ್ ಸುತ್ತಮುತ್ತ ಬೆಳಗಾದ್ರೆ ವ್ಯಾನುಗಳು ಬಂದು ಮಕ್ಕಳನ್ನ ಚನ್ನಪಟ್ಟಣಕ್ಕೋ ರಾಮನಗರಕ್ಕೋ ಕರ್ಕೊಂಡು ಹೋಗ್ತವೆ. ನಗರಸಭೆ ಗಡಿಯೊಳಗಿನ ಶಾಲೇಲಿ ಒಂದೇ ವರ್ಷ ಓದಿದ್ರೂ ಗ್ರಾಮೀಣ ಕೋಟಾ ಕೈತಪ್ಪಿ ಹೋಯ್ತು. ಶಾಲೆಗೆ ಸೇರಿಸೋ ದಿನ ಇದನ್ನ ನಿಮಗೆ ಯಾರಾದ್ರೂ ಹೇಳಿದ್ರಾ? ಎಷ್ಟೋ ಮನೇಲಿ ಗೊತ್ತಾಗೋದೇ ಸಿಇಟಿ ಅರ್ಜಿ ತುಂಬುವಾಗ. ಚಾಕೀಲಿ ಮಾಡಬೇಕಾದ ಆರೈಕೆನ ನಾಲ್ಕನೇ ಜ್ವರ ಎದ್ದ ಮೇಲೆ ಮಾಡಿದ್ರೆ ಗೂಡು ಬರುತ್ತಾ?

"ಹಳ್ಳಿ ಶಾಲೇಲಿ ಇಂಗ್ಲಿಷ್ ಬರಲ್ಲ, ಅದಕ್ಕೇ ಪೇಟೆಗೆ ಕಳಿಸ್ತೀವಿ" ಅಂತೀರಿ. ನಿಮ್ಮ ಭಯ ಸುಳ್ಳಲ್ಲ. ಹತ್ತು ವರ್ಷ ಕನ್ನಡದಲ್ಲಿ ಓದಿದ ಮಗುಗೆ ಪಿಯುಸಿ ಸೈನ್ಸ್ ಸೇರಿದ ದಿನದಿಂದ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಪಾಠ ಎಲ್ಲ ಇಂಗ್ಲಿಷ್‌ನಲ್ಲಿ. ರ‍್ಯಾಂಕ್‌ಗೆ ಅರ್ಧ ಲೆಕ್ಕ ಪಿಯುಸಿ ಅಂಕ, ಇನ್ನರ್ಧ ಸಿಇಟಿ. ಮಗು ಎಡವೋ ಜಾಗದಲ್ಲೇ ಅಳತೆಗೋಲು ಹಿಡಿದು ನಿಂತವ್ರೆ. ಸೀಟು ಮೀಸಲಿಟ್ಟು ಅಲ್ಲಿಗೆ ಹೋಗೋ ದಾರಿ ಮಾಡದೆ ಇದ್ರೆ ಅದು ಯಾವ ಸೀಮೆ ಉಪಕಾರ?

ಇನ್ನೊಂದು ದಾರಿನ ನಾವೇ ಹೀಗಳೀತೀವಿ. ಎಸ್ಸೆಸ್ಸೆಲ್ಸಿ ಆದಮೇಲೆ 3 ವರ್ಷ ಡಿಪ್ಲೊಮಾ, ಆಮೇಲೆ ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ. ಪಿಯುಸಿ 2, ಬಿಇ 4 ಸೇರಿ 6 ವರ್ಷ. ಈ ದಾರೀಲೂ 3 ಮತ್ತೆ 3, ಅದೇ 6 ವರ್ಷ. ಮಧ್ಯದಲ್ಲಿ ನಿಂತ್ರೂ ಕೈಯಲ್ಲಿ ಡಿಪ್ಲೊಮಾ ಇರುತ್ತೆ. ಚನ್ನಪಟ್ಟಣದಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ, ರಾಮನಗರದಲ್ಲಿ 2007ರಿಂದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೇ ಇದೆ. ಆದ್ರೂ ಡಿಪ್ಲೊಮಾ ಅಂದ್ರೆ "ದಡ್ಡರ ಕೋರ್ಸು" ಅಂತ ಮೂಗು ಮುರೀತೀವಿ.

ಕೇಳಬೇಕಾದ್ದು ಎರಡೇ. ಒಂದನೇ ಕ್ಲಾಸಿನ ದಾಖಲಾತಿ ಅರ್ಜಿ ಮೇಲೇ ಈ 10 ವರ್ಷದ ನಿಯಮ ಅಚ್ಚು ಹಾಕ್ಲಿ. ಎಂಟನೇ ಕ್ಲಾಸಿಂದ ಎಲ್ಲ ಸರ್ಕಾರಿ ಹೈಸ್ಕೂಲಲ್ಲೂ ಗಣಿತ, ವಿಜ್ಞಾನದ ಪದಗಳನ್ನ ಎರಡೂ ಭಾಷೇಲಿ ಕಲಿಸ್ಲಿ. ಮುಂದಿನ ಗ್ರಾಮಸಭೇಲಿ ಚರಂಡಿ, ಬೀದಿದೀಪದ ಜೊತೆ ಇದನ್ನೂ ಬರೆಸಿ. ಈ ವರ್ಷ ಮಗುನ ಒಂದನೇ ಕ್ಲಾಸಿಗೆ ಸೇರಿಸೋರು ಫೀಸ್ ಕಟ್ಟೋಕೆ ಮುಂಚೆ, ಆ ಶಾಲೆ ಗ್ರಾಮೀಣ ಪ್ರದೇಶಕ್ಕೆ ಸೇರುತ್ತಾ ಅಂತ ಬಿಇಓ ಆಫೀಸಲ್ಲಿ ಕೇಳಿ ತಿಳ್ಕೊಳ್ಳಿ.